‘ರ‍್ಯಾಂಕ್ ಬರ್ತಿಲ್ಲ’ ಅಂತ ಒಬ್ಬರು ಬರೆದಿದ್ದರು

ಚಿಕ್ಕಪ್ಪನ ಮಗಳ ಮದುವೆ ಪತ್ರಿಕೆ ಮಾಡಿಸೋಕೆ ಅಂತ ಚಿಂತಾಮಣಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಗೋಡೆ ತುಂಬಾ ಮದುವೆ ಕಾರ್ಡಿನ ಸ್ಯಾಂಪಲ್. ಅಂಗಡಿಯವರಿಗೆ ಐವತ್ತರ ಆಸುಪಾಸು ವಯಸ್ಸು. ಯಾವುದೋ ಹಳೇ ಫೈಲನ್ನು ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸ್ತಾ ಕೂತಿದ್ದರು. ಪರದೆ ನೋಡಿದರೆ, ಅದು ನಾನು ಶನಿವಾರ ಭಾನುವಾರ ಕೂತು ಕೆಲಸ ಮಾಡುವ ಓಪನ್ ಸೋರ್ಸ್ ಟೂಲ್!

ನಾವು ನಾಲ್ಕೈದು ಜನ ಸೇರಿ ನೋಡಿಕೊಳ್ಳುವ ಪುಟ್ಟ ಟೂಲ್ ಅದು. ನಮ್ಮ ಊರ ಕಡೆ ಅಂಗಡಿಯೊಂದರಲ್ಲಿ ಅದನ್ನು ಬಳಸ್ತಾರೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಖುಷಿ ತಡೆಯೋಕಾಗದೆ, ‘ಸರ್, ಇದನ್ನ ನೋಡ್ಕೊಳ್ಳೋರಲ್ಲಿ ನಾನೂ ಒಬ್ಬಳು’ ಅಂದೆ.

ಅವರು ಕನ್ನಡಕ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. ‘ಹೌದಾ ಮೇಡಂ? ರ‍್ಯಾಂಕ್ ಬರ್ತಿಲ್ಲ ಅಂತ ನಾನು ಬರ್ದಿದ್ದೆ. ನೀವು ಮುಚ್ಚಿಬಿಟ್ರಿ.’

ಅವರ ದನಿಯಲ್ಲಿ ಜಗಳ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ. ಎಂಟು ತಿಂಗಳ ಹಿಂದಿನದು. ಶೀರ್ಷಿಕೆ: ‘ರ‍್ಯಾಂಕ್ ಬರ್ತಿಲ್ಲ’. ಒಳಗೆ ಒಂದೇ ಸಾಲು: ‘ಸರಿ ಮಾಡಿ ಸರ್’. ಅದರ ಕೆಳಗೆ, ನನ್ನಲ್ಲಿ ಸರಿಯಾಗೇ ಬರ್ತಿದೆ ಅನ್ನೋ ಅರ್ಥದ ಮೂರು ಇಂಗ್ಲಿಷ್ ಪದ. ಬರೆದವಳು ನಾನೇ. ಅವರು ಬರೆದದ್ದಕ್ಕೂ ನಾನು ಮುಚ್ಚಿದ್ದಕ್ಕೂ ನಡುವೆ ನಾಲ್ಕು ನಿಮಿಷ.

ಆಮೇಲೆ ಗೊತ್ತಾಯ್ತು. ಅವರು ಒಂದು ಶಾಲೆಯ ಸ್ಮರಣ ಸಂಚಿಕೆಯ ಕೆಲಸ ಹಿಡಿದಿದ್ದರಂತೆ. ರ‍್ಯಾಂಕ್ ಬಂದ ಮಕ್ಕಳ ಪಟ್ಟಿ ಇದ್ದ ನಾಲ್ಕು ಪುಟ ತಪ್ಪಾಗಿ ಪ್ರಿಂಟ್ ಆಗಿ, ಐನೂರು ಪ್ರತಿಗೂ ತಮ್ಮ ಕೈಯಿಂದ ದುಡ್ಡು ಹಾಕಿ ಮತ್ತೆ ಹಾಕಿಸಿಕೊಟ್ಟಿದ್ದಾರೆ. ‘ಪರವಾಗಿಲ್ಲ ಬಿಡಿ ಮೇಡಂ, ಆಮೇಲಿಂದ ನಾನೇ ಕೈಯಲ್ಲಿ ತಿದ್ಕೊತೀನಿ’ ಅಂದರು.

ಆ ‘ಪರವಾಗಿಲ್ಲ ಬಿಡಿ’ ಇವತ್ತಿನ ಅಂಕಣ ಬರೆಸ್ತಿದೆ.

ಅಸಲಿಗೆ ಕೆಟ್ಟಿದ್ದು ಏನು?

ಬಗ್ ಚಿಕ್ಕದು, ಆದರೆ ಅಪ್ಪಟ ನಮ್ಮದು. ಕನ್ನಡದಲ್ಲಿ ರ-ಗೆ ಯ ಸೇರಿಸೋಕೆ ಎರಡು ದಾರಿ ಇದೆ. ‘ಸೂರ್ಯ’ ಬರೆಯುವಾಗ ಅರ್ಕಾವೊತ್ತು ಹಾಕ್ತೀವಿ. ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವಾಗ ರ ಪೂರ್ತಿ ಬರೆದು ಕೆಳಗೆ ಯ ಒತ್ತು ಕೊಡ್ತೀವಿ. ಪದದ ಮೊದಲಲ್ಲೇ ಅರ್ಕಾವೊತ್ತು ಬಂದರೆ ಓದುವವರು ತಡವರಿಸ್ತಾರೆ.

ಯೂನಿಕೋಡ್‌ನಲ್ಲಿ ರ, ವಿರಾಮ ಚಿಹ್ನೆ, ಯ ಮೂರನ್ನು ಸಾಲಾಗಿ ಇಟ್ಟರೆ ತಾನಾಗಿ ಅರ್ಕಾವೊತ್ತು ಬರುತ್ತೆ. ‘ರ‍್ಯಾಂಕ್’ ಬೇಕಾದರೆ ರ ಆದ ಮೇಲೆ, ವಿರಾಮಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಅದರ ಹೆಸರು ಝೀರೋ ವಿಡ್ತ್ ಜಾಯಿನರ್. ಅಗಲ ಸೊನ್ನೆ, ಕೆಲಸ ದೊಡ್ಡದು. ನಮ್ಮ ಟೂಲ್ ನುಡಿಯ ಹಳೇ ಅಕ್ಷರಗಳನ್ನು ಬದಲಾಯಿಸುವಾಗ ಈ ಕಾಣದ ಅಕ್ಷರ ಸೇರಿಸ್ತಾನೇ ಇರಲಿಲ್ಲ. ರ‍್ಯಾಂಕ್ ಹೋಗಿ ‘ರ್ಯಾಂಕ್’ ಆಗ್ತಿತ್ತು. (ಈ ಎರಡೂ ನಿಮ್ಮ ಫೋನಿನಲ್ಲಿ ಒಂದೇ ಥರ ಕಂಡರೆ, ವರದಿ ಮಾಡೋಕೆ ನಿಮಗೂ ಒಂದು ಬಗ್ ಸಿಕ್ಕಿತು ಅಂತ ಲೆಕ್ಕ.)

ಹಾಗಿದ್ದರೆ ನನಗೆ ಸರಿಯಾಗಿ ಬಂದದ್ದು ಹೇಗೆ? ನಾನು ಫೋನಿನ ಕೀಬೋರ್ಡಿನಲ್ಲಿ ‘ರ‍್ಯಾಂಕ್’ ಅಂತ ಟೈಪ್ ಮಾಡಿ ಟೂಲಿಗೆ ಕೊಟ್ಟಿದ್ದೆ. ಅದು ಆಗಲೇ ಯೂನಿಕೋಡ್. ಟೂಲ್ ಅದನ್ನು ಮುಟ್ಟದೆ ಹಾಗೇ ವಾಪಸ್ ಕೊಟ್ಟಿತ್ತು. ಅವರ ಕೈಲಿದ್ದದ್ದು ನುಡಿ ಫೈಲ್. ಅಂದರೆ ನಾನು ಅವರ ತೊಂದರೆಯನ್ನು ಪರೀಕ್ಷೆ ಮಾಡಿರಲೇ ಇಲ್ಲ. ‘ಯಾವ ಫೈಲ್ ಸರ್?’ ಅಂತ ಒಂದು ಪ್ರಶ್ನೆ ಕೇಳಿದ್ದರೆ ಮುಗೀತಿತ್ತು.

ನಾನೂ ಹೀಗೇ ಬರೆದವಳು

ಅವರು ಸರಿಯಾಗಿ ಬರೆದಿರಲಿಲ್ಲ ಅಂತ ತಪ್ಪಿಸಿಕೊಳ್ಳಬಹುದು. ಆದರೆ ನನ್ನ ಮೊದಲ ಬಗ್ ವರದಿ ನೆನೆದರೆ ಬಾಯಿ ಕಟ್ಟುತ್ತೆ.

ಕೆಲಸಕ್ಕೆ ಸೇರಿದ ಹೊಸದು. ಕರ್ನಾಟಕದ ಜಿಲ್ಲೆ, ತಾಲ್ಲೂಕುಗಳ ಪಟ್ಟಿ ಕೊಡುವ ಒಂದು ಓಪನ್ ಸೋರ್ಸ್ ಲೈಬ್ರರಿ ಬಳಸ್ತಿದ್ದೆವು. ಅದರಲ್ಲಿ ಶಿಡ್ಲಘಟ್ಟ, ಗೌರಿಬಿದನೂರು ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ನನಗೆ ಸಿಟ್ಟು ಬಂತು. ‘ನಿಮ್ಮ ಡೇಟಾ ತಪ್ಪು. ಕೂಡಲೇ ಸರಿ ಮಾಡಿ’ ಅಂತ ಮೂರು ಆಶ್ಚರ್ಯ ಚಿಹ್ನೆ ಹಾಕಿ ಬರೆದೆ. ಯಾವ ತಾಲ್ಲೂಕು, ಯಾವ ಆವೃತ್ತಿ, ಒಂದೂ ಹೇಳಲಿಲ್ಲ.

ಮೂರು ವಾರ ಆದ ಮೇಲೆ ಒಬ್ಬರು ತಾಳ್ಮೆಯಿಂದ ಉತ್ತರಿಸಿದರು: ‘ನೀವು ಬಳಸ್ತಿರೋದು ಎರಡು ವರ್ಷ ಹಳೆಯ ಆವೃತ್ತಿ ಇರಬಹುದು. ಹೊಸದರಲ್ಲಿ ಸರಿಯಾಗಿದೆ, ನೋಡ್ತೀರಾ?’ ನೋಡಿದೆ. ಸರಿಯಾಗಿತ್ತು. ಅದೇ ದೂರು ನನಗಿಂತ ಮುಂಚೆ ಇನ್ನೊಬ್ಬರು ಹಾಕಿ, ಪರಿಹಾರವೂ ಆಗಿತ್ತು. ಹುಡುಕೋ ಜಾಗದಲ್ಲಿ ‘ಕೋಲಾರ’ ಅಂತ ಟೈಪ್ ಮಾಡಿದ್ದರೆ ನನಗೂ ಸಿಗ್ತಿತ್ತು.

ಆಫೀಸಿನಲ್ಲಿ ಟಿಕೆಟ್ ಹಾಕಿದರೆ ಅದನ್ನು ನೋಡೋಕೆ ಸಂಬಳ ತಗೊಳ್ಳುವವರು ಇರ್ತಾರೆ. ಓಪನ್ ಸೋರ್ಸ್‌ನಲ್ಲಿ ಬಹಳಷ್ಟು ಕಡೆ ಆ ಕಡೆ ಇರೋದು, ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುವ ಯಾರೋ ಒಬ್ಬರು. ನಮ್ಮ ಒಂದೊಂದು ವರದಿಯೂ ಅವರ ನಿದ್ದೆಯಿಂದ ಕಿತ್ತ ಸಮಯ.

ಅಪ್ಪನ ಹುಳು ಮನೆಯ ಪಾಠ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ರೇಷ್ಮೆ. ಹುಳು ಸಾಯೋಕೆ ಶುರುವಾದರೆ ಅಪ್ಪ ಫೋನ್ ಹಿಡಿದು ರೇಷ್ಮೆ ಇಲಾಖೆಯವರಿಗೆ, ‘ಹುಳ ಹೋಯ್ತಾ ಇವೆ ಸಾರ್’ ಅಂತಾರೆ. ಆ ಕಡೆಯಿಂದ ಮೊದಲು ಔಷಧಿ ಹೆಸರು ಬರಲ್ಲ, ಪ್ರಶ್ನೆಗಳು ಬರ್ತವೆ. ಎಷ್ಟನೇ ಜ್ವರ ಎದ್ದಿದೆ? ಎಷ್ಟು ದಿನ ಆಯ್ತು? ಸೊಪ್ಪು ಒದ್ದೆ ಇತ್ತಾ? ಹುಳ ಮೆತ್ತಗಿದೆಯಾ, ಊದಿದೆಯಾ, ಗಟ್ಟಿಯಾಗಿದೆಯಾ?

ಊದಿಕೊಂಡು, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ದ್ರವ ಬಂದರೆ ಹಾಲುತೊಂಡೆ. ಸತ್ತ ಹುಳ ಸುಣ್ಣದ ಕಡ್ಡಿ ಥರ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಜೋತುಬಿದ್ದು ಮೆತ್ತಗಾದರೆ ಸಪ್ಪೆ ರೋಗ. ‘ಹುಳ ಹೋಯ್ತು’ ಅನ್ನೋದು ಮೂರಕ್ಕೂ ನಿಜ, ಆದರೆ ಮೂರಕ್ಕೂ ಉಪಚಾರ ಬೇರೆ.

ಅಪ್ಪ ಈಗ ಫೋನ್ ಮಾಡೋಕೆ ಮುಂಚೆ ತಟ್ಟೆ ಮುಂದೆ ಕೂತು ನೋಡ್ಕೊತಾರೆ. ‘ಅವರು ಏನು ಕೇಳ್ತಾರೆ ಅಂತ ಗೊತ್ತಲ್ಲಮ್ಮಾ, ಮೊದಲೇ ನೋಡಿಟ್ಕೊಂಡ್ರೆ ಇಬ್ರಿಗೂ ಟೈಮ್ ಉಳಿಯುತ್ತೆ.’ ಒಳ್ಳೆಯ ಬಗ್ ವರದಿ ಅಂದರೆ ಇಷ್ಟೇ.

ವರದಿಯಲ್ಲಿ ಏನಿರಬೇಕು?

ಪುಟ್ಟಿ ಅನ್ನೋ ಸಾಫ್ಟ್‌ವೇರ್ ನಿಮ್ಮಲ್ಲಿ ಹಲವರು ಬಳಸಿರ್ತೀರಿ. ಅದನ್ನು ಬರೆದ ಸೈಮನ್ ಟ್ಯಾಥಮ್ 1999ರಲ್ಲೇ ಬಗ್ ವರದಿ ಮಾಡೋದು ಹೇಗೆ ಅಂತ ಒಂದು ಲೇಖನ ಬರೆದಿದ್ದಾರೆ. ಅದರ ಒಂದು ಮುಖ್ಯ ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ: ನೀವು ಕಂಡದ್ದು ಬೇರೆ, ನೀವು ಊಹಿಸಿದ್ದು ಬೇರೆ, ಎರಡನ್ನೂ ಬೆರೆಸಬೇಡಿ. ಅದಕ್ಕೆ ನನ್ನ ಅನುಭವ ಸೇರಿಸಿ ಹೇಳೋದಾದರೆ:

ಮೊದಲು ಹುಡುಕಿ. ಹೊಸ ಆವೃತ್ತಿಯಲ್ಲೂ ತೊಂದರೆ ಇದೆಯಾ? ಬೇರೆ ಯಾರಾದರೂ ಆಗಲೇ ಹೇಳಿದ್ದಾರಾ? ಹೇಳಿದ್ದರೆ ಹೊಸದು ತೆರೆಯಬೇಡಿ. ಅವರು ಬಿಟ್ಟ ಮಾಹಿತಿ ನಿಮ್ಮ ಹತ್ತಿರ ಇದ್ದರೆ ಅಲ್ಲೇ ಸೇರಿಸಿ. ‘ನನಗೂ ಹಾಗೇ’ ಅಂತ ಮಾತ್ರ ಬರೆದರೆ ಐವತ್ತು ಜನರ ಇನ್‌ಬಾಕ್ಸ್ ತುಂಬುತ್ತೆ, ಬಗ್ ಇದ್ದಲ್ಲೇ ಇರುತ್ತೆ.

ಆಮೇಲೆ ಮೂರು ವಿಷಯ ಬರೆಯಿರಿ. ಏನೇನು ಮಾಡಿದಿರಿ, ಒಂದಾದ ಮೇಲೊಂದು. ಏನಾಗುತ್ತೆ ಅಂದುಕೊಂಡಿದ್ದಿರಿ. ನಿಜವಾಗಿ ಏನಾಯ್ತು. ಜೊತೆಗೆ ಫೋನ್ ಅಥವಾ ಕಂಪ್ಯೂಟರ್ ಯಾವುದು, ಸಾಫ್ಟ್‌ವೇರ್ ಆವೃತ್ತಿ ಯಾವುದು.

ಇನ್ನೂರು ಪುಟದ ಫೈಲ್ ಕಳಿಸಬೇಡಿ. ಅರ್ಧ ಅಳಿಸಿ ನೋಡಿ, ತೊಂದರೆ ಇನ್ನೂ ಇದೆಯಾ? ಮತ್ತೆ ಅರ್ಧ ಅಳಿಸಿ. ಹೀಗೇ ಕೊನೆಗೆ ಒಂದು ಸಾಲು, ಒಂದು ಪದ ಉಳಿಯುತ್ತೆ. ಆ ಒಂದು ಪದ ಸಿಕ್ಕಿದರೆ ಸರಿಮಾಡುವವರ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು ಲಾಭವೂ ಇದೆ. ಆ ಸ್ಮರಣ ಸಂಚಿಕೆಯ ಫೈಲಿನಲ್ಲಿ ಮಕ್ಕಳ ಹೆಸರು, ಅಂಕ, ಪೋಷಕರ ಫೋನ್ ನಂಬರ್ ಎಲ್ಲ ಇತ್ತು. ಬಗ್ ವರದಿಯನ್ನು ಲೋಕವೇ ನೋಡುತ್ತೆ. ಬೇರೆಯವರ ವಿವರ ಅಲ್ಲಿಗೆ ಹೋಗಬಾರದು.

ಕನ್ನಡದ ಬಗ್ ಆದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಪಠ್ಯ ಒಂದೇ ಕೂಡ ಸಾಲದು. ಕಾಣದ ಅಕ್ಷರ ಇದೆಯೋ ಇಲ್ಲವೋ ಫೋಟೋದಲ್ಲಿ ಗೊತ್ತಾಗಲ್ಲ. ಪಠ್ಯ ಮಾತ್ರ ಕಳಿಸಿದರೆ ಅದು ನನ್ನ ಫೋನಿನಲ್ಲಿ ನನ್ನ ಫಾಂಟ್‌ನಲ್ಲಿ ಚೆನ್ನಾಗೇ ಕಾಣಬಹುದು. ಎರಡೂ ಬೇಕು.

ಯಾರಿಗೆ ದೂರು ಕೊಡಬೇಕು ಅನ್ನೋದೂ ಇಲ್ಲಿ ಮುಖ್ಯ. ಪರದೆ ಮೇಲೆ ಒಂದು ಒತ್ತಕ್ಷರ ಬರೋದರಲ್ಲಿ ಮೂವರ ಕೈ ಇರುತ್ತೆ: ಪಠ್ಯ, ಫಾಂಟ್, ಮತ್ತು ಅಕ್ಷರ ಜೋಡಿಸುವ ಎಂಜಿನ್. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಹಾರ್ಫ್‌ಬಝ್ ಅನ್ನೋ ಒಂದೇ ಓಪನ್ ಸೋರ್ಸ್ ಎಂಜಿನ್ ಈ ಜೋಡಣೆ ಮಾಡುತ್ತೆ. ಫಾಂಟ್ ಬದಲಿಸಿದಾಗ ಸರಿಯಾದರೆ ದೂರು ಫಾಂಟ್ ಮಾಡಿದವರಿಗೆ. ಎಲ್ಲ ಫಾಂಟಿನಲ್ಲೂ ಎಲ್ಲ ಆ್ಯಪಿನಲ್ಲೂ ಕೆಟ್ಟರೆ ಪಠ್ಯವನ್ನೇ ಅನುಮಾನಿಸಿ. ನಮ್ಮ ರ‍್ಯಾಂಕ್ ಕಥೆ ಈ ಎರಡನೇ ಜಾತಿಯದು.

ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಹಿಂಜರಿಯಬೇಡಿ. ಸಣ್ಣ ಸಣ್ಣ ವಾಕ್ಯ ಸಾಕು. ವ್ಯಾಕರಣಕ್ಕೆ ಯಾರೂ ಅಂಕ ಕೊಡಲ್ಲ.

ಕೂಗಬಾರದ ಬಗ್‌ಗಳು

ಅಕ್ಷರ ತಪ್ಪಾಗಿ ಕಂಡರೆ ಎಲ್ಲರ ಮುಂದೆ ಹೇಳಬಹುದು. ಆದರೆ ಪಕ್ಕದ ಮನೆಯ ಬೀಗ ಮುರಿದಿದೆ ಅಂತ ಗೊತ್ತಾದರೆ ಸಂತೆಯಲ್ಲಿ ಕೂಗ್ತೀವಾ? ಮನೆಯವರಿಗೆ ಹೇಳ್ತೀವಿ. ಪಾಸ್‌ವರ್ಡ್ ಸೋರುತ್ತೆ, ಬೇರೆಯವರ ಖಾತೆ ತೆರೆಯುತ್ತೆ ಅನ್ನುವಂಥ ಭದ್ರತೆಯ ಬಗ್ ಕಂಡರೂ ಹಾಗೇ. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ‘ಸೆಕ್ಯುರಿಟಿ’ ಅನ್ನೋ ಹೆಸರಿನ ಫೈಲ್ ಇರುತ್ತೆ. ಖಾಸಗಿಯಾಗಿ ಯಾರಿಗೆ ತಿಳಿಸಬೇಕು ಅಂತ ಅದರಲ್ಲಿ ಬರೆದಿರ್ತಾರೆ.

2024ರ ಮಾರ್ಚ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ತಮ್ಮ ಲಿನಕ್ಸ್ ಯಂತ್ರಕ್ಕೆ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾವಾಗಿದ್ದರೆ ವೈಫೈ ಬೈದು ಸುಮ್ಮನಾಗ್ತಿದ್ದೆವು. ಅವರು ಬೆನ್ನು ಹತ್ತಿದರು. ಎಕ್ಸ್‌ಝಡ್ ಅನ್ನೋ ಚಿಕ್ಕ ಕಂಪ್ರೆಷನ್ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿದ್ದು ಸಿಕ್ಕಿತು. ಅವರು ಮೊದಲು ಡೆಬಿಯನ್‌ನ ಭದ್ರತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿದರು. ಮಾರ್ಚ್ 29ರಂದು, ಏನು ಕಂಡೆ, ಹೇಗೆ ಕಂಡೆ ಅಂತ ಹಂತ ಹಂತವಾಗಿ ಬಹಿರಂಗಪಡಿಸಿದರು. ಜಗತ್ತಿನ ಎಷ್ಟೋ ಸರ್ವರ್‌ಗಳಿಗೆ ಆ ಆವೃತ್ತಿ ತಲುಪುವ ಮುಂಚೆಯೇ ಸಿಕ್ಕಿಬಿತ್ತು.

ಈ ಕಥೆಗೆ ಇನ್ನೊಂದು ಮುಖ ಇದೆ. ಎಕ್ಸ್‌ಝಡ್ ಅನ್ನು ಬಹಳ ವರ್ಷ ನೋಡಿಕೊಂಡಿದ್ದು ಹೆಚ್ಚುಕಡಿಮೆ ಒಬ್ಬರೇ, ಲಾಸ್ಸೆ ಕಾಲಿನ್. 2022ರಲ್ಲಿ ಕೆಲವು ಅಪರಿಚಿತ ಖಾತೆಗಳು ‘ಕೆಲಸ ತುಂಬಾ ನಿಧಾನ, ಬೇರೆಯವರಿಗೆ ಕೊಡಿ’ ಅಂತ ಅವರ ಮೇಲೆ ಬಿದ್ದವು. ಮಾನಸಿಕವಾಗಿ ತಮಗೆ ಕಷ್ಟವಾಗ್ತಿದೆ ಅಂತ ಅವರು ಹೇಳಿಕೊಂಡರೂ ಬಿಡಲಿಲ್ಲ. ಆಗ ಸಹಾಯಕ್ಕೆ ಅಂತ ಹತ್ತಿರವಾದ, ಜಿಯಾ ತಾನ್ ಅನ್ನೋ ಹೆಸರಿನ ಖಾತೆಯೇ ಆಮೇಲೆ ಹಿಂಬಾಗಿಲು ಇಟ್ಟಿದ್ದು. ‘ಇನ್ನೂ ಆಗಿಲ್ವಾ? ಎಷ್ಟು ದಿನ?’ ಅಂತ ಬರೆಯೋಕೆ ಬೆರಳು ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ಮೇಜಿನ ಆ ಕಡೆ ಕೂತವರು

ಬಂದ ದೂರುಗಳನ್ನು ವಿಂಗಡಿಸೋದಕ್ಕೆ ನಮ್ಮಲ್ಲಿ ಟ್ರಯಾಜ್ ಅಂತೀವಿ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕು ಅಂತ ನೋಡುವ ಹಾಗೆ. ಡೇಟಾ ಹಾಳಾಗುತ್ತಾ, ಸಾಫ್ಟ್‌ವೇರ್ ನಿಂತೇ ಹೋಗುತ್ತಾ, ಬರೀ ಬಣ್ಣ ತಪ್ಪಾ? ಎಷ್ಟು ಜನಕ್ಕೆ ತೊಂದರೆ?

ಈ ಕೆಲಸ ಮಾಡುವವರ ಸುಸ್ತು ಸುಳ್ಳಲ್ಲ. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್‌ಟೋಬರ್‌ಫೆಸ್ಟ್‌ನ ಟೀ ಶರ್ಟ್ ಆಸೆಗೆ ಎಷ್ಟೋ ಜನ ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಕಳಿಸಿ, ಪ್ರಾಜೆಕ್ಟ್‌ಗಳವರು ತಲೆ ಚಚ್ಚಿಕೊಂಡರು. ಕೊನೆಗೆ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ನಿಯಮವೇ ಬದಲಾಯ್ತು. ಈಗ ಎಐ ಕಾಲ. ಕರ್ಲ್ ಅನ್ನೋ ಸಾಫ್ಟ್‌ವೇರ್ ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ, ಎಐ ಬರೆದುಕೊಟ್ಟ, ಓದೋಕೆ ಭರ್ಜರಿಯಾಗಿರುವ, ಒಳಗೆ ಏನೂ ಇಲ್ಲದ ಭದ್ರತಾ ವರದಿಗಳು ಎಷ್ಟು ಬಂದವು ಅಂದರೆ, ಬಗ್ ಹುಡುಕಿದವರಿಗೆ ದುಡ್ಡು ಕೊಡುವ ಯೋಜನೆಯನ್ನೇ 2026ರ ಜನವರಿ ಕೊನೆಗೆ ನಿಲ್ಲಿಸಿದರು. ಎಐ ಸಹಾಯ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ನೀವು ಕಣ್ಣಾರೆ ನೋಡದ ಬಗ್ ಅನ್ನು ನಿಮ್ಮ ಹೆಸರಲ್ಲಿ ಕಳಿಸಬೇಡಿ.

ನಾನೂ ಆ ಸುಸ್ತಿನಲ್ಲೇ ನಾಲ್ಕು ನಿಮಿಷದಲ್ಲಿ ಮುಚ್ಚಿದ್ದು. ಅವತ್ತು ಹದಿನೇಳು ದೂರು ಬಾಕಿ ಇದ್ದವು. ಸಂಖ್ಯೆ ಇಳಿಸೋದೇ ಕೆಲಸ ಅನ್ನಿಸಿತ್ತು. ಇಲ್ಲಿ ಒಂದು ವ್ಯತ್ಯಾಸ ನಾನು ಮರೆತಿದ್ದೆ: ಎಐ ವರದಿ ಉದ್ದವಾಗಿದ್ದರೂ ಅದರ ಹಿಂದೆ ತೊಂದರೆ ಪಟ್ಟವರು ಯಾರೂ ಇರಲ್ಲ. ‘ರ‍್ಯಾಂಕ್ ಬರ್ತಿಲ್ಲ’ ಅನ್ನೋ ಎರಡೇ ಪದದ ಹಿಂದೆ ಒಬ್ಬ ಮನುಷ್ಯ, ಐನೂರು ಪ್ರತಿ, ಅವರ ದುಡ್ಡು ಇತ್ತು.

ಈಗ ನಮ್ಮ ತಂಡದಲ್ಲಿ ಸಣ್ಣ ಪದ್ಧತಿ ಮಾಡಿಕೊಂಡಿದ್ದೀವಿ. ಕಳಿಸಿದವರ ಫೈಲನ್ನೇ ಇಟ್ಟು ಪರೀಕ್ಷಿಸದೆ ‘ನಮ್ಮಲ್ಲಿ ಸರಿಯಾಗಿದೆ’ ಅನ್ನಲ್ಲ. ಮಾಹಿತಿ ಸಾಲದಿದ್ದರೆ ಐದು ಪ್ರಶ್ನೆ ಕೇಳಿ ಹೆದರಿಸಲ್ಲ, ಒಂದು ಕೇಳ್ತೀವಿ. ಒಂದು ತಿಂಗಳು ಕಾಯ್ತೀವಿ. ಮುಚ್ಚಿದರೆ ಯಾಕೆ ಅಂತ ಬರೀತೀವಿ, ಮತ್ತೆ ತೆರೆಯೋದು ಹೇಗೆ ಅಂತಲೂ ಹೇಳ್ತೀವಿ. ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ ಉತ್ತರ.

ಕಾರ್ಯದರ್ಶಿ ಕೆಟ್ಟೋಯ್ತು

ಚಿಂತಾಮಣಿಯಿಂದ ಬಂದ ರಾತ್ರಿಯೇ ಸರಿ ಮಾಡೋಕೆ ಕೂತೆ. ರ, ವಿರಾಮ, ಯ ಸಾಲಾಗಿ ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಕಾಣದ ಅಕ್ಷರ ತುರುಕಿದೆ. ರ‍್ಯಾಂಕ್ ಬಂತು. ತಪ್ಪಿನ ಭಾರ ಇಳಿಸೋ ಅವಸರ. ಆದರೆ ಈ ಸಲ ಬಿಡುಗಡೆ ಮಾಡುವ ಮುಂಚೆ ಅಂಗಡಿಯವರಿಗೆ ಕಳಿಸಿದೆ.

ಮಾರನೇ ದಿನ ಅವರ ಮೆಸೇಜ್: ‘ಮೇಡಂ, ರ‍್ಯಾಂಕ್ ಬಂತು. ಆದ್ರೆ ಕಾರ್ಯದರ್ಶಿ ಕೆಟ್ಟೋಯ್ತು. ಸಂಘದ ಆಹ್ವಾನ ಪತ್ರಿಕೆ, ನುಡಿ ಫೈಲು, ಮೂರನೇ ಸಾಲು. ಫೋಟೋನೂ ಹಾಕಿದೀನಿ, ಆ ಸಾಲು ಬೇರೆ ಫೈಲಾಗಿ ಹಾಕಿದೀನಿ.’

ನೋಡಿದರೆ ಸೂರ್ಯ, ಕಾರ್ಯ, ಆಚಾರ್ಯ ಎಲ್ಲದರ ಅರ್ಕಾವೊತ್ತೂ ಹೋಗಿತ್ತು. ನುಡಿಯಲ್ಲಿ ಅರ್ಕಾವೊತ್ತು ಬೇರೆ ಗುರುತು, ಯ ಒತ್ತು ಬೇರೆ ಗುರುತು. ನಮ್ಮ ಟೂಲ್ ಎರಡನ್ನೂ ಯೂನಿಕೋಡ್ ಮಾಡಿದ ಮೇಲೆ ಎರಡೂ ಒಂದೇ ಆಗಿಬಿಡ್ತವೆ. ನಾನು ತೇಪೆ ಹಾಕಿದ್ದು ಅದಾದ ಮೇಲೆ. ಹಾಕಬೇಕಿದ್ದದ್ದು ಅದಕ್ಕೂ ಮುಂಚೆ, ಎರಡೂ ಗುರುತು ಬೇರೆ ಬೇರೆ ಇರುವಾಗಲೇ. ಜಾಗ ಬದಲಿಸಿದೆ, ಎರಡೂ ಸರಿಯಾಯ್ತು. ಈಗ ‘ರ‍್ಯಾಂಕ್’ ಮತ್ತು ‘ಕಾರ್ಯದರ್ಶಿ’ ಎರಡೂ ನಮ್ಮ ಟೆಸ್ಟ್ ಫೈಲಿನಲ್ಲಿವೆ. ಯಾರು ಏನೇ ಬದಲಿಸಿದರೂ ಇವೆರಡು ಪಾಸಾಗದೆ ಬಿಡುಗಡೆ ಇಲ್ಲ.

ಅವರ ಆ ಮೆಸೇಜನ್ನು ಇನ್ನೊಮ್ಮೆ ಓದಿ. ಯಾವ ಫೈಲು, ಯಾವ ಸಾಲು, ಫೋಟೋ, ಬೇರೆ ಮಾಡಿದ ಒಂದೇ ಸಾಲು. ಯಾರೂ ಅವರಿಗೆ ಪಾಠ ಮಾಡಿರಲಿಲ್ಲ. ಕೇಳಿಸಿಕೊಳ್ಳುವವರು ಇದ್ದಾರೆ ಅಂತ ಗೊತ್ತಾಗಿತ್ತು, ಅಷ್ಟೇ.

ಎಂಟು ತಿಂಗಳ ಹಿಂದಿನ ಆ ದೂರನ್ನು ಮತ್ತೆ ತೆರೆದು, ಕೆಳಗೆ ಕನ್ನಡದಲ್ಲಿ ಬರೆದೆ: ‘ತಪ್ಪು ನನ್ನದು. ನಿಮ್ಮ ಫೈಲ್ ನೋಡದೆ ಮುಚ್ಚಿದ್ದೆ. ಈಗ ಸರಿಯಾಗಿದೆ. ಧನ್ಯವಾದ ಸರ್.’ ಆಮೇಲೆ ಮುಚ್ಚಿದೆ. ಮದುವೆ ಪತ್ರಿಕೆ ತರೋಕೆ ಹೋದಾಗ ನಾಲ್ಕು ಪುಟದ ಪ್ರಿಂಟಿಂಗ್ ಖರ್ಚು ಎಷ್ಟಾಗಿತ್ತು ಅಂತ ಕೇಳಿದೆ. ಹೇಳಲಿಲ್ಲ. ‘ಟೀ ಕುಡೀರಿ ಮೇಡಂ’ ಅಂದರು.

ನಿಮ್ಮ ಫೋನಿನಲ್ಲಿ ದಿನಾ ಕಾಡುವ, ‘ಇರಲಿ ಬಿಡು’ ಅಂತ ಬಿಟ್ಟಿರುವ ಒಂದು ಕನ್ನಡದ ಬಗ್ ಖಂಡಿತ ಇರುತ್ತೆ. ಈ ಭಾನುವಾರ ಅರ್ಧ ಗಂಟೆ ಕೊಟ್ಟು ಅದನ್ನು ಒಂದು ಪದಕ್ಕೆ ಇಳಿಸಿ, ಸಂಬಂಧಪಟ್ಟವರಿಗೆ ಬರೆಯಿರಿ. ಏನಾಯ್ತು ಅಂತ ನನಗೂ ತಿಳಿಸಿ.